ಒಡಹುಟ್ಟಿದವರ ಮಗುವನ್ನು ದತ್ತು ಪಡೆಯಲು ಅಮೆರಿಕದಿಂದ ಊರಿಗೆ ಹೊರಡುವವರಿಗೆ

ಅಮೆರಿಕದಲ್ಲಿ ನೆಲೆಸಿರುವ ಕನ್ನಡದ ದಂಪತಿಗಳು ಊರಿನಲ್ಲಿರುವ ತಮ್ಮನ ಮಗನನ್ನೋ ಅಕ್ಕನ ಮಗಳನ್ನೋ ದತ್ತು ಪಡೆಯಲು ನಿರ್ಧರಿಸಿದಾಗ, ಮನೆಯ ಹಿರಿಯರೆಲ್ಲ ಒಪ್ಪಿಬಿಟ್ಟರೆ ದೊಡ್ಡ ಕೆಲಸ ಮುಗಿಯಿತೆಂದೇ ತಿಳಿಯುತ್ತಾರೆ. ಕೆಲಸ ಆರಂಭವಾಗುವುದೇ ಅಲ್ಲಿಂದ. ಮಗು ಒಂದು ದೇಶದ ಕಾನೂನಿನಿಂದ ಹೊರಟು ಇನ್ನೊಂದು ದೇಶದ ಕಾನೂನಿನೊಳಗೆ ಸೇರಬೇಕು. ಎರಡೂ ಕಡೆಯ ಕ್ರಮಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ, ಒಂದು ಕೆಲಸ ಹಿಂದುಮುಂದಾದರೂ ಮಗು ಕಾಗದದಲ್ಲಿ ನಿಮ್ಮದಾಗಿದ್ದೂ ವಿಮಾನ ಹತ್ತಲಾರದೆ ಊರಿನಲ್ಲೇ ಉಳಿದುಬಿಡಬಹುದು.

ನಾನು ಮತ್ತು ನನ್ನ ಪತಿ, ತೀರಿಕೊಂಡ ಮೈದುನನ ಕಿರಿಯ ಮಗಳನ್ನು ಗದಗ ಜಿಲ್ಲೆಯ ಹಳ್ಳಿಯೊಂದರಿಂದ ದತ್ತು ಪಡೆದವರು. ಆಗ ಅವಳಿಗೆ ಆರು ವರ್ಷ. ನನ್ನ ನೆಗೆಣ್ಣಿ, ಅಂದರೆ ಅವಳನ್ನು ಹೆತ್ತ ತಾಯಿ, ವಾರಕ್ಕೆ ಎರಡು ಬಾರಿ ಡಯಾಲಿಸಿಸ್‌ಗೆ ಹೋಗಬೇಕಾಗಿತ್ತು. ದೊಡ್ಡ ಮಕ್ಕಳಿಬ್ಬರು ಹಾಸ್ಟೆಲ್ ಸೇರಿದ್ದರು. ಚಿಕ್ಕವಳನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ಆ ದಿನಗಳಲ್ಲಿ ಕಲಿತದ್ದನ್ನು, ಮತ್ತು ನಮಗೆ ಮೊದಲೇ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು ಎನಿಸಿದ್ದನ್ನು, ಇಲ್ಲಿ ಬರೆದಿದ್ದೇನೆ. ಅಮೆರಿಕದ ಪೌರತ್ವವಿರುವ ಕುಟುಂಬಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಲೇಖನವಿದು. ಬೇರೆ ದೇಶಗಳಲ್ಲಿರುವವರಿಗೆ ವೀಸಾದ ಭಾಗ ಬೇರೆಯಾಗುತ್ತದೆ, ಭಾರತದ ಭಾಗ ಬಹುಮಟ್ಟಿಗೆ ಇದೇ ಆಗಿರುತ್ತದೆ.

ಮಗು ಮನೆ ಬಿಡಲೇಬೇಕೇ?

ಅರ್ಜಿಗೂ ಟಿಕೆಟ್‌ಗೂ ಮೊದಲು ಈ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು. ಅಂತರದೇಶೀಯ ದತ್ತುವನ್ನು ನಿಯಂತ್ರಿಸುವ 1993ರ ಹೇಗ್ ಒಪ್ಪಂದವು, ಮಗು ಹುಟ್ಟಿದ ಕುಟುಂಬದಲ್ಲೇ ಬೆಳೆಯುವಂತೆ ಮಾಡುವುದು ಮೊದಲ ಆದ್ಯತೆ ಎಂದು ಆರಂಭದಲ್ಲೇ ಹೇಳುತ್ತದೆ. ಭಾರತದಲ್ಲಿ ಈ ಒಪ್ಪಂದ 2003ರಿಂದಲೂ ಅಮೆರಿಕದಲ್ಲಿ 2008ರಿಂದಲೂ ಜಾರಿಯಲ್ಲಿದೆ. ಶಾಲೆಯ ಶುಲ್ಕವೊಂದೇ ಕಷ್ಟವಾಗಿದ್ದರೆ ಶುಲ್ಕ ಕಳುಹಿಸಿದರೆ ಸಾಕು, ಮಗುವನ್ನು ತರಬೇಕಾಗಿಲ್ಲ. ನಿಮಗೆ ಮಕ್ಕಳಿಲ್ಲ, ತಮ್ಮನಿಗೆ ಮೂವರಿದ್ದಾರೆ ಎಂಬ ಲೆಕ್ಕ ನಮ್ಮ ಮನೆಗಳಲ್ಲಿ ಸಹಜವಾಗಿ ಬರುತ್ತದೆ. ಆದರೆ ಆ ಲೆಕ್ಕ ದೊಡ್ಡವರದು, ಮಗುವಿನದಲ್ಲ. ಮುಂದೆ ಬರುವ ಅಮೆರಿಕದ ಷರತ್ತಿನ ಮುಂದೆಯೂ ಅದು ನಿಲ್ಲುವುದಿಲ್ಲ.

ಕಾನೂನಿನ ಕಣ್ಣಿನಲ್ಲಿ ಯಾರು ಸಂಬಂಧಿ

ನಮ್ಮ ಭಾಷೆಯಲ್ಲಿ ಚಿಕ್ಕಪ್ಪನ ಮಗನೂ ತಮ್ಮನೇ, ಅವನ ಮಗು ನಿಮ್ಮನ್ನು ದೊಡ್ಡಪ್ಪ ಎಂದೇ ಕರೆಯುತ್ತದೆ. ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ 2015 ಇದನ್ನು ಒಪ್ಪುವುದಿಲ್ಲ. ದತ್ತುವಿನ ಮಟ್ಟಿಗೆ ಮಗುವಿನ ಸಂಬಂಧಿ ಎಂದರೆ ಅದರ ತಂದೆಯ ಅಥವಾ ತಾಯಿಯ ಒಡಹುಟ್ಟಿದವರು ಮತ್ತು ಎರಡೂ ಕಡೆಯ ಅಜ್ಜ ಅಜ್ಜಿಯರು, ಅಷ್ಟೇ. ದಾಯಾದಿಯ ಮಗು, ಸೋದರಮಾವನ ಮಗಳ ಮಗು, ಹೆಂಡತಿಯ ಚಿಕ್ಕಮ್ಮನ ಮೊಮ್ಮಗು ಎಷ್ಟೇ ಹತ್ತಿರದವರಾಗಿದ್ದರೂ ಈ ದಾರಿಯಲ್ಲಿ ಬರುವುದಿಲ್ಲ. ಈ ಒಂದು ಕಾರಣದಿಂದಲೇ ನಿಂತುಹೋಗಬೇಕಾದ ಪ್ರಯತ್ನಗಳು ತಿಳಿಯದೆ ಬಹಳ ದೂರ ಹೋಗಿಬಿಡುತ್ತವೆ. ಆದ್ದರಿಂದ ಮಗುವಿಗೂ ನಿಮಗೂ ಇರುವ ನಂಟನ್ನು ಮೊದಲು ಕಾಗದದ ಮೇಲೆ ಗೆರೆ ಎಳೆದು ನೋಡಿ.

ಸಂಬಂಧಿಯಲ್ಲದ ಮಗುವನ್ನು ದತ್ತು ಕೇಂದ್ರದ ಮೂಲಕ ಪಡೆಯುವವರ ದಾರಿ ಬೇರೆ. ಅವರು ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದಲ್ಲಿ, ಅಂದರೆ ಎಲ್ಲರೂ ಕಾರಾ ಎಂದು ಕರೆಯುವ ಸಂಸ್ಥೆಯಲ್ಲಿ, ಹೆಸರು ನೋಂದಾಯಿಸಿ ಸರದಿಗಾಗಿ ಕಾಯಬೇಕು. ಅಲ್ಲಿ ಹೆತ್ತ ತಾಯಿಯ ಗುರುತು ಗೋಪ್ಯ. ಅವಳನ್ನು ಭೇಟಿ ಮಾಡಿಸುತ್ತೇವೆಂದು ಯಾರಾದರೂ ಹೇಳಿದರೆ ಅವರಿಂದ ದೂರವಿರಿ. ಈ ದಾರಿಯಲ್ಲಿ ಮಗುವನ್ನು ಪಡೆಯುವವರು ಮಗುವಿನ ಅಧ್ಯಯನ ವರದಿಯನ್ನೂ ವೈದ್ಯಕೀಯ ವರದಿಯನ್ನೂ ಒಂದಕ್ಷರ ಬಿಡದೆ ಜೋಪಾನ ಮಾಡಬೇಕು. ಮಗು ದೊಡ್ಡದಾಗಿ ತನ್ನ ಮೂಲ ಹುಡುಕಲು ಬಯಸಿದ ದಿನ ಆ ಹಾಳೆಗಳೇ ಅದರ ಕೈಯಲ್ಲಿರುವ ಮೊದಲ ದಾರಿ. ಈ ಲೇಖನದ ಉಳಿದ ಭಾಗ ಸಂಬಂಧಿಗಳ ಮಗುವನ್ನು ಪಡೆಯುವವರಿಗೆ.

ಅಮೆರಿಕ ಕೇಳುವುದೇನು

ದಂಪತಿಗಳಲ್ಲಿ ಒಬ್ಬರಾದರೂ ಅಮೆರಿಕದ ಪೌರರಾಗಿರಬೇಕು. ಇಬ್ಬರೂ ಇನ್ನೂ ಭಾರತದ ಪಾಸ್‌ಪೋರ್ಟಿನಲ್ಲೇ ಇದ್ದು ಹಸಿರು ಕಾರ್ಡನ್ನೋ ಉದ್ಯೋಗದ ವೀಸಾವನ್ನೋ ಹೊಂದಿದ್ದರೆ ನಾನು ವಿವರಿಸುವ ಹೇಗ್ ದಾರಿ ಅವರಿಗೆ ತೆರೆದಿಲ್ಲ. ಅಂಥವರು ಮಗುವನ್ನು 16 ತುಂಬುವ ಮೊದಲು ದತ್ತು ಪಡೆದು, ಎರಡು ವರ್ಷ ಕಾನೂನುಬದ್ಧವಾಗಿ ತಮ್ಮ ಪಾಲನೆಯಲ್ಲಿಟ್ಟುಕೊಂಡು ಅದರೊಡನೆ ವಾಸಿಸಿರಬೇಕಾಗುತ್ತದೆ. ವಲಸೆ ಕಾನೂನಿನ ವಕೀಲರನ್ನು ಕಾಣದೆ ಅವರು ಹೆಜ್ಜೆ ಇಡಬಾರದು.

ಎರಡನೆಯ ಷರತ್ತು ಹೆಚ್ಚು ಜನರನ್ನು ತಡೆಯುತ್ತದೆ. ಮಗುವಿನ ಹೆತ್ತವರಿಬ್ಬರೂ ಬದುಕಿದ್ದರೆ, ಅವರಿಗೆ ಮಗುವನ್ನು ಸರಿಯಾಗಿ ನೋಡಿಕೊಳ್ಳುವ ಶಕ್ತಿ ಇಲ್ಲವೆಂದು ತೋರಿಸಬೇಕು. ಹುಬ್ಬಳ್ಳಿಯಲ್ಲಿ ಸ್ವಂತ ಮನೆ ಮಾಡಿಕೊಂಡು ಬ್ಯಾಂಕಿನಲ್ಲಿ ಕೆಲಸ ಮಾಡುವ ಅಣ್ಣ, ಪ್ರೀತಿಯಿಂದ ತನ್ನ ಎರಡನೆಯ ಮಗನನ್ನು ಕೊಡಲು ಒಪ್ಪಿದರೆ ಭಾರತದ ಕಾನೂನು ಒಪ್ಪಬಹುದು, ಅಮೆರಿಕದ ವೀಸಾ ಸಿಗುವುದು ಕಷ್ಟ. ತಂದೆ ಅಥವಾ ತಾಯಿಯಲ್ಲಿ ಒಬ್ಬರೇ ಉಳಿದಿದ್ದರೆ ಈ ಷರತ್ತು ಅನ್ವಯಿಸುವುದಿಲ್ಲ. ಅವರ ಸ್ವತಂತ್ರವಾದ, ಲಿಖಿತವಾದ, ಹಿಂದೆಗೆದುಕೊಳ್ಳಲಾಗದ ಒಪ್ಪಿಗೆ ಬೇಕು. ನಮ್ಮ ಪ್ರಕರಣ ಮುಂದೆ ಸಾಗಿದ್ದು ಹೀಗೆ.

ದತ್ತಕ ಪತ್ರವನ್ನು ಮೊದಲೇ ನೋಂದಾಯಿಸಬೇಡಿ

ನಾವು ತಪ್ಪು ಮಾಡುವುದರಲ್ಲಿದ್ದದ್ದು ಇಲ್ಲಿಯೇ. ಊರಿನ ವಕೀಲರೊಬ್ಬರು, ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ 1956ರ ಪ್ರಕಾರ ಮನೆಯಲ್ಲಿ ಮಗುವನ್ನು ಕೊಟ್ಟು ತೆಗೆದುಕೊಳ್ಳುವ ಶಾಸ್ತ್ರ ಮಾಡಿ, ಉಪನೋಂದಣಿ ಕಚೇರಿಯಲ್ಲಿ ದತ್ತಕ ಪತ್ರ ಬರೆಸಿ ನೋಂದಾಯಿಸಿದರೆ ಎಲ್ಲವೂ ಮುಗಿಯಿತು ಎಂದರು. ಛಾಪಾ ಕಾಗದವೂ ಸಿದ್ಧವಾಗಿತ್ತು, ಸ್ವಾಮಿಗಳ ಹತ್ತಿರ ಮುಹೂರ್ತವನ್ನೂ ಕೇಳಿ ಆಗಿತ್ತು. ಅಮೆರಿಕದ ದತ್ತು ಸಂಸ್ಥೆಯ ಸಮಾಜ ಕಾರ್ಯಕರ್ತೆಯ ಕಿವಿಗೆ ಅದು ಬೀಳದಿದ್ದರೆ ನಾವು ಸಹಿ ಹಾಕಿಬಿಡುತ್ತಿದ್ದೆವು.

ಅಮೆರಿಕದ ನಿಯಮದ ಪ್ರಕಾರ, ಮಗುವನ್ನು ಕರೆತರಲು ಅಲ್ಲಿನ ವಲಸೆ ಇಲಾಖೆಗೆ ಸಲ್ಲಿಸುವ ಐ-800 ಅರ್ಜಿಗೆ ತಾತ್ಕಾಲಿಕ ಮಂಜೂರಾತಿ ಸಿಗುವ ಮೊದಲೇ ದತ್ತು ಪೂರ್ಣಗೊಂಡಿದ್ದರೆ ಆ ಅರ್ಜಿ ತಿರಸ್ಕೃತವಾಗುತ್ತದೆ. ಊರಿನಲ್ಲಿ ನಡೆದ ಶಾಸ್ತ್ರವೂ ನೋಂದಾಯಿತ ಪತ್ರವೂ ಪೂರ್ಣಗೊಂಡ ದತ್ತುವೆಂದೇ ಪರಿಗಣಿತವಾಗಬಹುದು. ಅದನ್ನು ಸರಿಪಡಿಸುವುದು, ಸರಿಪಡಿಸಲು ಸಾಧ್ಯವಾದರೆ, ಬಹಳ ದೊಡ್ಡ ಕೆಲಸ. ಅತ್ತೆಯವರಿಗೆ ಇದನ್ನು ತಿಳಿಸಿ ಹೇಳುವುದಕ್ಕೆ ಎರಡು ಸಂಜೆ ಬೇಕಾಯಿತು. ಕೊನೆಗೆ ಅವರೇ, ಆದೇಶ ಕೈಗೆ ಬಂದ ಮೇಲೆ ಉಡಿ ತುಂಬೋಣ ಎಂದರು. ಹಾಗೆಯೇ ಮಾಡಿದೆವು. ಶಾಸ್ತ್ರ ಬೇಕೆನ್ನುವ ಮನೆಗಳು ಆದೇಶದ ನಂತರ ಮಾಡಲಿ, ಅದರಿಂದ ಯಾರಿಗೂ ನಷ್ಟವಿಲ್ಲ.

ಕೆಲಸಗಳು ನಡೆಯಬೇಕಾದ ಕ್ರಮ

ಮೊದಲನೆಯದಾಗಿ, ನೀವಿರುವ ರಾಜ್ಯದಲ್ಲಿ ಕಾರಾದ ಮಾನ್ಯತೆ ಪಡೆದಿರುವ ವಿದೇಶಿ ದತ್ತು ಸಂಸ್ಥೆಯನ್ನು ಆರಿಸಿಕೊಂಡು ಗೃಹ ಅಧ್ಯಯನ ವರದಿ ಮಾಡಿಸಬೇಕು. ಮಗು ಸ್ವಂತ ತಮ್ಮನದೇ ಆಗಿದ್ದರೂ ಸಂಸ್ಥೆಯ ನೆರವು ಕಡ್ಡಾಯ. ಸಮಾಜ ಕಾರ್ಯಕರ್ತರು ಮನೆಗೆ ಬರುತ್ತಾರೆ, ಆದಾಯ, ಆರೋಗ್ಯ, ದಾಂಪತ್ಯ ಎಲ್ಲವನ್ನೂ ಕೇಳುತ್ತಾರೆ, ಮನೆಯಲ್ಲಿರುವ ಇತರ ವಯಸ್ಕರ ಹಿನ್ನೆಲೆಯನ್ನೂ ಪರಿಶೀಲಿಸುತ್ತಾರೆ. ಆ ವರದಿಯೊಂದಿಗೆ ಐ-800ಎ ಅರ್ಜಿ ಸಲ್ಲಿಸಿ, ದತ್ತು ಪಡೆಯಲು ನೀವು ಅರ್ಹರೆಂಬ ಮಂಜೂರಾತಿ ಪಡೆಯಬೇಕು. ಅದಕ್ಕೆ 15 ತಿಂಗಳ ಅವಧಿ ಇರುತ್ತದೆ. ಭಾರತದ ಕಡೆ ಕೆಲಸ ನಿಧಾನವಾದರೆ ಅವಧಿ ಮುಗಿಯುವ ಮೊದಲೇ ವಿಸ್ತರಣೆಗೆ ಕೇಳಬೇಕೆಂಬುದನ್ನು ಮರೆಯಬೇಡಿ.

ಎರಡನೆಯದು ಕಾರಾದ ಜಾಲತಾಣವಾದ ಕೇರಿಂಗ್ಸ್‌ನಲ್ಲಿ ನೋಂದಣಿ. ಇದನ್ನು ನಿಮ್ಮ ಸಂಸ್ಥೆಯ ಮೂಲಕ ಮಾಡಿಸಬೇಕು. ಆ ನಂತರ ಕಾರಾ ಮಗುವಿರುವ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೆ ಬರೆದು, ಮಗುವಿನ ಮತ್ತು ಹೆತ್ತವರ ಕೌಟುಂಬಿಕ ಹಿನ್ನೆಲೆಯ ವರದಿ ತರಿಸಿಕೊಳ್ಳುತ್ತದೆ. ಘಟಕದ ಸಮಾಜ ಕಾರ್ಯಕರ್ತರು ಹಳ್ಳಿಗೆ ಬಂದು, ಹೆತ್ತ ತಾಯಿಯನ್ನು ಕಂಡು, ಯಾಕೆ ಕೊಡುತ್ತಿದ್ದೀರಿ ಎಂದು ಕೇಳುತ್ತಾರೆ. ಅವರು ಬರುವ ದಿನ ನೀವಾಗಲಿ ನಿಮ್ಮ ಪರವಾಗಿ ಮಾತಾಡುವ ಹಿರಿಯರಾಗಲಿ ಪಡಸಾಲೆಯಲ್ಲಿ ಕೂತಿರಬಾರದೆಂದು ನಾನು ಒತ್ತಿ ಹೇಳುತ್ತೇನೆ. ನಮ್ಮ ಮನೆಗಳಲ್ಲಿ ಸೊಸೆ, ಅದರಲ್ಲೂ ಗಂಡನನ್ನು ಕಳೆದುಕೊಂಡ ಸೊಸೆ, ಅತ್ತೆ ಮಾವಂದಿರ ಎದುರು ಬೇಡ ಎನ್ನುವುದು ಎಷ್ಟು ಕಷ್ಟವೆಂದು ಎಲ್ಲರಿಗೂ ಗೊತ್ತು.

ಮೂರನೆಯದಾಗಿ, ಆ ವರದಿಯ ಆಧಾರದ ಮೇಲೆ ಐ-800 ಅರ್ಜಿ. ಮಗುವಿಗೆ 16 ತುಂಬುವ ಮೊದಲೇ ಇದು ಸಲ್ಲಿಕೆಯಾಗಬೇಕು. ತಾತ್ಕಾಲಿಕ ಮಂಜೂರಾತಿಯ ಬಳಿಕ ಡಿಎಸ್-260 ವೀಸಾ ಅರ್ಜಿ ತುಂಬಬೇಕು. ಭಾರತದಲ್ಲಿರುವ ಅಮೆರಿಕದ ರಾಯಭಾರ ಕಚೇರಿ ಕಡತ ನೋಡಿ, ಮಗು ಅಮೆರಿಕಕ್ಕೆ ಬರಬಹುದೆಂದು ಕಾರಾಕ್ಕೆ ಬರೆದು ತಿಳಿಸುತ್ತದೆ. ಹೇಗ್ ಒಪ್ಪಂದದ ಐದನೆಯ ವಿಧಿಯ ಪತ್ರವೆಂದು ಕರೆಯುವುದು ಇದನ್ನೇ. ದತ್ತು ಆದೇಶದ ಮಾತು ಈ ಪತ್ರ ಹೋದ ಮೇಲೆ.

ನಾಲ್ಕನೆಯದು ಜಿಲ್ಲಾಧಿಕಾರಿಯವರ ಮುಂದೆ ಅರ್ಜಿ. ಹಿಂದೆ ನ್ಯಾಯಾಲಯ ಕೊಡುತ್ತಿದ್ದ ದತ್ತು ಆದೇಶವನ್ನು, ಬಾಲನ್ಯಾಯ ಕಾಯ್ದೆಯ 2021ರ ತಿದ್ದುಪಡಿ ಜಾರಿಗೆ ಬಂದ 2022ರ ಸೆಪ್ಟೆಂಬರ್‌ನಿಂದ ಜಿಲ್ಲಾ ದಂಡಾಧಿಕಾರಿಗಳು, ಅಂದರೆ ಜಿಲ್ಲಾಧಿಕಾರಿಯವರೇ, ಕೊಡುತ್ತಾರೆ. ವಿಚಾರಣೆ ಬಹಿರಂಗವಾಗಿ ನಡೆಯುವುದಿಲ್ಲ, ಎರಡು ತಿಂಗಳೊಳಗೆ ಮುಗಿಸಬೇಕೆಂದು ಕಾಯ್ದೆ ಹೇಳುತ್ತದೆ. ಐದು ವರ್ಷ ತುಂಬಿದ ಮಗುವಿನ ಒಪ್ಪಿಗೆಯೂ ಬೇಕು. ಆದೇಶ ಸಿಕ್ಕ ನಂತರ ಕಾರಾದಿಂದ ನಿರಾಕ್ಷೇಪಣಾ ಪತ್ರ ಮತ್ತು ಹೇಗ್ ಒಪ್ಪಂದಕ್ಕೆ ಅನುಗುಣವೆಂಬ ಪ್ರಮಾಣಪತ್ರ, ಆಮೇಲೆ ಹೊಸ ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್, ಕೊನೆಗೆ ವೀಸಾ. ಈ ಸಾಲಿನಲ್ಲಿ ಯಾವುದನ್ನೂ ದಾಟಿ ಮುಂದೆ ಹೋಗಲು ಆಗುವುದಿಲ್ಲ.

ಪೆಟ್ಟಿಗೆಗೆ ಮೊದಲು ಕಡತ

ಅಮೆರಿಕದಲ್ಲಿ ಮಾಡಿಸಿದ ಮದುವೆಯ ಪ್ರಮಾಣಪತ್ರ, ವೈದ್ಯಕೀಯ ವರದಿ, ಪೊಲೀಸ್ ತಪಾಸಣೆ, ಆದಾಯದ ದಾಖಲೆ ಇವುಗಳಿಗೆ ನೋಟರಿ ಸಹಿಯ ಮೇಲೆ ಅಪೊಸ್ಟಿಲ್, ಅಂದರೆ ದಾಖಲೆ ಬೇರೆ ದೇಶದಲ್ಲೂ ಮಾನ್ಯವಾಗುವಂತೆ ಸರ್ಕಾರ ಹಾಕುವ ಮುದ್ರೆ, ಹಾಕಿಸಿಕೊಂಡು ಬರಬೇಕು. ಊರಿಗೆ ಬಂದ ಮೇಲೆ ನೆನಪಾದರೆ ಮತ್ತೆ ಅಮೆರಿಕದ ರಾಜ್ಯ ಕಚೇರಿಗೇ ಕಳುಹಿಸಬೇಕಾಗುತ್ತದೆ. ಊರಿನ ಕಡೆಯಿಂದ ಬೇಕಾದವು ಮಗುವಿನ ಮೂಲ ಜನನ ಪ್ರಮಾಣಪತ್ರ, ಹೆತ್ತವರ ಗುರುತಿನ ಚೀಟಿಗಳು, ತೀರಿಕೊಂಡವರಿದ್ದರೆ ಮರಣ ಪ್ರಮಾಣಪತ್ರ, ಮತ್ತು ನಂಟನ್ನು ತೋರಿಸುವ ವಂಶವೃಕ್ಷ. ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಡಬಹುದು. ಮನೆಯ ಹಳೆಯ ಮದುವೆ ಫೋಟೋಗಳನ್ನೂ ಒಟ್ಟುಮಾಡಿ. ಅಣ್ಣತಮ್ಮಂದಿರು ಒಟ್ಟಿಗೆ ನಿಂತ ಚಿತ್ರವೊಂದು ಕೆಲವೊಮ್ಮೆ ಹತ್ತು ಕಾಗದಗಳ ಕೆಲಸ ಮಾಡುತ್ತದೆ.

ಹೆಸರುಗಳ ಬಗ್ಗೆ ವಿಶೇಷ ಎಚ್ಚರ ಬೇಕು. ನನ್ನ ಪತಿಯ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರು ಕೊನೆಯಲ್ಲಿದೆ. ಮೈದುನನ ಆಧಾರ್‌ನಲ್ಲಿ ಮನೆತನದ ಹೆಸರೇ ಇರಲಿಲ್ಲ, ರೇಷನ್ ಕಾರ್ಡಿನಲ್ಲಿ ತಂದೆಯ ಹೆಸರಿನ ಕಾಗುಣಿತ ಬೇರೆಯೇ ಇತ್ತು. ಓದುವವರಿಗೆ ಇಬ್ಬರೂ ಒಂದೇ ತಾಯಿಯ ಮಕ್ಕಳೆಂದು ತಿಳಿಯುವ ದಾರಿಯೇ ಇಲ್ಲ. ಇಂಥ ವ್ಯತ್ಯಾಸಗಳನ್ನು ಅರ್ಜಿ ಹಾಕುವ ಮೊದಲೇ ಪಟ್ಟಿ ಮಾಡಿ, ತಿದ್ದಿಸಲು ಸಾಧ್ಯವಿದ್ದದ್ದನ್ನು ತಿದ್ದಿಸಿ, ಉಳಿದದ್ದಕ್ಕೆ ಅಫಿಡವಿಟ್ ಮಾಡಿಸಿಟ್ಟುಕೊಳ್ಳಬೇಕು.

ಮಗುವಿನ ತಾಯಿ ಕಾರ್ಡನ್ನು ಕೇಳಿ ತೆಗೆದುಕೊಳ್ಳಿ. ಗರ್ಭಿಣಿಯಿದ್ದಾಗಿನ ವಿವರ, ಹುಟ್ಟಿದ ತೂಕ, ಹಾಕಿಸಿದ ಲಸಿಕೆ ಎಲ್ಲವೂ ಅದರಲ್ಲಿರುತ್ತವೆ. ಮೂಲ ಪ್ರತಿಯನ್ನು ಹೆತ್ತ ತಾಯಿ ಇಟ್ಟುಕೊಳ್ಳಲು ಬಯಸಿದರೆ ನೆರಳಚ್ಚು ಸಾಕು. ಎರಡೂ ಕಡೆಯ ಕುಟುಂಬದ ಕಾಯಿಲೆಗಳನ್ನೂ ಕೇಳಿ ಬರೆದುಕೊಳ್ಳಿ. ಮೂತ್ರಪಿಂಡದ ತೊಂದರೆ ತಾಯಿಗೆ ಯಾವ ವಯಸ್ಸಿನಲ್ಲಿ ಬಂತು ಎಂಬುದು ನಮ್ಮ ಮಗಳ ವೈದ್ಯರು ಕೇಳಿದ ಮೊದಲ ಪ್ರಶ್ನೆಯಾಗಿತ್ತು.

ಮೊದಲ ಪ್ರಯಾಣ, ಹೆತ್ತವರ ಮನೆಯಲ್ಲಿ

ಎರಡು ಪ್ರಯಾಣಗಳಿಗೆ ಮನಸ್ಸನ್ನೂ ರಜೆಯನ್ನೂ ಸಿದ್ಧಮಾಡಿಕೊಳ್ಳುವುದು ಒಳ್ಳೆಯದು. ಮೊದಲನೆಯದು ಕಾಗದದ ಕೆಲಸಕ್ಕಲ್ಲ, ಮಗುವಿನ ಜೊತೆ ಇರುವುದಕ್ಕೆ. ದತ್ತು ಪಡೆಯುವವರು ಒಪ್ಪಿಗೆಗೆ ಮೊದಲು ಹೆತ್ತವರನ್ನು ಕಾಣಬಾರದೆಂಬ ನಿಯಮ ಹೇಗ್ ಒಪ್ಪಂದದಲ್ಲಿದ್ದರೂ, ಕುಟುಂಬದೊಳಗಿನ ದತ್ತುವಿಗೆ ಅದರಿಂದ ವಿನಾಯಿತಿ ಇದೆ. ಆದ್ದರಿಂದ ಈ ಪ್ರಯಾಣಕ್ಕೆ ಅಡ್ಡಿಯಿಲ್ಲ.

ಪಟ್ಟಣದ ಹೋಟೆಲಿನಲ್ಲಿ ಇಳಿದು ದಿನಕ್ಕೆರಡು ಗಂಟೆ ಬಂದು ಹೋಗುವುದಕ್ಕಿಂತ, ಸಾಧ್ಯವಿದ್ದರೆ ಆ ಮನೆಯಲ್ಲೇ ಎರಡು ಮೂರು ವಾರ ಉಳಿಯಿರಿ. ಮಗು ಎಷ್ಟು ಗಂಟೆಗೆ ಏಳುತ್ತದೆ, ಯಾವುದಕ್ಕೆ ಹಟ ಮಾಡುತ್ತದೆ, ಯಾರ ಪಕ್ಕ ಮಲಗುತ್ತದೆ ಎಂಬುದೆಲ್ಲ ನಿಮಗೆ ಕಾಣಬೇಕು. ನಾನು ಒಂದು ಚಿಕ್ಕ ಪುಸ್ತಕದಲ್ಲಿ ಇವನ್ನು ಬರೆದಿಟ್ಟುಕೊಂಡಿದ್ದೆ. ರೊಟ್ಟಿಯನ್ನು ಹಾಲಿನಲ್ಲಿ ಮುರಿದು ಹಾಕಿ ಮೇಲೆ ಚಿಟಿಕೆ ಬೆಲ್ಲ ಉದುರಿಸಿದರೆ ತಿನ್ನುತ್ತಾಳೆ, ತಲೆ ಬಾಚುವಾಗ ಎಡಗಿವಿಯ ಹಿಂದೆ ಮುಟ್ಟಿದರೆ ಅಳುತ್ತಾಳೆ, ಮಳೆ ಬಂದರೆ ಬಾಗಿಲಲ್ಲೇ ನಿಲ್ಲುತ್ತಾಳೆ. ಚಳಿಗಾಲದ ಮೊದಲ ತಿಂಗಳಲ್ಲಿ ಅಮೆರಿಕದ ಮನೆಯಲ್ಲಿ ಆ ಪುಸ್ತಕದ ಒಂದೊಂದು ಸಾಲೂ ಉಪಯೋಗಕ್ಕೆ ಬಂತು. ಆಟಿಕೆಗಳ ರಾಶಿ ಒಯ್ಯಬೇಡಿ. ಒಯ್ದರೆ ಮನೆಯ ಎಲ್ಲ ಮಕ್ಕಳಿಗೂ ಸಮನಾಗಿ ಒಯ್ಯಿರಿ. ಒಬ್ಬಳಿಗೆ ಮಾತ್ರ ಬರುವ ಉಡುಗೊರೆ ಅವಳನ್ನು ಅಕ್ಕ ಅಣ್ಣಂದಿರಿಂದ ಆಗಲೇ ಬೇರೆ ಮಾಡಿಬಿಡುತ್ತದೆ.

ಹೆತ್ತ ತಾಯಿಯ ಜೊತೆ ಒಬ್ಬರೇ ಕುಳಿತು ಮಾತಾಡುವ ಅವಕಾಶ ಮಾಡಿಕೊಳ್ಳಿ. ಮೂರು ವಿಷಯಗಳನ್ನು ಸ್ಪಷ್ಟವಾಗಿ ಹೇಳಬೇಕು. ಈ ಒಪ್ಪಿಗೆ ಕಾಗದಕ್ಕೆ ಬಿದ್ದ ಮೇಲೆ ಕಾನೂನಿನ ಪ್ರಕಾರ ಮಗು ನಮ್ಮದಾಗುತ್ತದೆ, ಬೇಡವೆನಿಸಿದರೆ ಹಿಂದಕ್ಕೆ ಬರುವುದಿಲ್ಲ. ಸಹಿ ಹಾಕುವ ಕೊನೆಯ ಗಳಿಗೆಯವರೆಗೂ ಬೇಡ ಎನ್ನಬಹುದು, ಹಾಗಂದರೆ ನಮ್ಮ ನಂಟು ಮುರಿಯುವುದಿಲ್ಲ, ಮಗುವಿನ ಓದಿಗೆ ನಾವು ಕೊಡುತ್ತಿರುವುದೂ ನಿಲ್ಲುವುದಿಲ್ಲ. ದತ್ತು ಆದ ಮೇಲೆ ನೀವು ಮಗಳನ್ನು ನೋಡಬಹುದು, ಮಾತಾಡಬಹುದು. ನಾನು ಇದನ್ನೆಲ್ಲ ಹೇಳಿದಾಗ ನೆಗೆಣ್ಣಿ ಬಹಳ ಹೊತ್ತು ಮಾತಾಡದೆ ಶೇಂಗಾ ಸುಲಿಯುತ್ತಿದ್ದಳು. ಆಮೇಲೆ ಕೇಳಿದ್ದು ಒಂದೇ ಮಾತು: “ನನ್ನ ಏನಂತ ಕರೀತಾಳ್ರಿ ಅಕ್ಕಾ?”

ಆ ಪ್ರಶ್ನೆಗೆ ಉತ್ತರವನ್ನು ಎಲ್ಲ ಕುಟುಂಬಗಳೂ ಹೊರಡುವ ಮೊದಲೇ ನಿರ್ಧರಿಸಿಕೊಳ್ಳಬೇಕು. ನಮ್ಮ ಮಗಳು ಹೆತ್ತವಳನ್ನು ಅವ್ವ ಎಂದೂ ನನ್ನನ್ನು ದೊಡ್ಡವ್ವ ಎಂದೂ ಕರೆಯುತ್ತಿದ್ದಳು. ಅವ್ವ ಅವ್ವಳಾಗಿಯೇ ಉಳಿದಳು. ನನ್ನನ್ನು ಅಮ್ಮ ಎನ್ನು ಎಂದು ಯಾರೂ ಹೇಳಿಕೊಡಬಾರದೆಂದು ಮನೆಯವರಲ್ಲಿ ಕೇಳಿಕೊಂಡಿದ್ದೆ. ಅಮೆರಿಕಕ್ಕೆ ಬಂದು ಏಳು ತಿಂಗಳಾದ ಮೇಲೆ ಶಾಲೆಯ ಬಸ್ಸಿನಿಂದ ಇಳಿಯುತ್ತಾ ತಾನಾಗಿಯೇ ಅಮ್ಮ ಎಂದಳು. ನಮ್ಮ ಭಾಷೆಯಲ್ಲಿ ಇಬ್ಬರು ತಾಯಂದಿರಿಗೂ ಬೇರೆ ಬೇರೆ ಹೆಸರುಗಳಿರುವುದು ದೊಡ್ಡ ಅನುಕೂಲ, ಅದನ್ನು ಬಳಸಿಕೊಳ್ಳಿ. ಹೆತ್ತವಳನ್ನು ಒಮ್ಮೆಗೇ ಚಿಕ್ಕಮ್ಮ ಮಾಡಿ ಮಗುವಿನಿಂದ ಸತ್ಯ ಮರೆಮಾಚುವ ಪದ್ಧತಿ ಕೆಲವು ಮನೆಗಳಲ್ಲಿದೆ. ಅದು ಯಾವುದೋ ಮದುವೆಮನೆಯಲ್ಲಿ ಯಾರದೋ ಬಾಯಿಂದ ಹೊರಬೀಳುತ್ತದೆ, ಆಗ ಮಗು ನಿಮ್ಮ ಮೇಲಿನ ನಂಬಿಕೆಯನ್ನೇ ಕಳೆದುಕೊಳ್ಳುತ್ತದೆ.

ಮಗು ಇನ್ನೂ ಹೊಟ್ಟೆಯಲ್ಲಿರುವಾಗಲೇ ಕೊಡುತ್ತೇವೆ ಎಂದು ಮಾತು ಕೊಟ್ಟಿದ್ದರೆ ಆ ಮಾತನ್ನು ಒಪ್ಪಿಗೆ ಎಂದು ಹಿಡಿದುಕೊಳ್ಳಬೇಡಿ. ತಾಯಿಯ ಒಪ್ಪಿಗೆ ಮಗು ಹುಟ್ಟಿದ ಮೇಲೆ ಕೊಟ್ಟದ್ದಾಗಿದ್ದರೆ ಮಾತ್ರ ಹೇಗ್ ಒಪ್ಪಂದ ಅದನ್ನು ಮಾನ್ಯ ಮಾಡುತ್ತದೆ.

ಹಣ ಮತ್ತು ಹೊಲ

ಒಪ್ಪಿಗೆಗೆ ಪ್ರತಿಯಾಗಿ ಹಣ ಕೊಡುವುದು ಎರಡೂ ದೇಶಗಳಲ್ಲಿ ನಿಷಿದ್ಧ. ಬಾಲನ್ಯಾಯ ಕಾಯ್ದೆಯ 81ನೆಯ ಕಲಂ ಮಗುವಿನ ಕೊಡುಕೊಳ್ಳುವಿಕೆಗೆ ಐದು ವರ್ಷದವರೆಗೆ ಕಠಿಣ ಸಜೆ ವಿಧಿಸುತ್ತದೆ. ಆದರೆ ನಮ್ಮ ಮನೆಗಳಲ್ಲಿ ಅಣ್ಣ ತಮ್ಮನಿಗೆ ಹಣ ಕಳುಹಿಸುವುದು ಹೊಸದೇನಲ್ಲ. ಮೊದಲಿನಿಂದ ಕಳುಹಿಸುತ್ತಿದ್ದರೆ ಬ್ಯಾಂಕಿನ ದಾಖಲೆ ಸಮೇತ ಸಮಾಜ ಕಾರ್ಯಕರ್ತರಿಗೆ ಮುಂಚೆಯೇ ಹೇಳಿಬಿಡಿ, ಮುಚ್ಚಿಡಬೇಡಿ. ಪ್ರಕ್ರಿಯೆ ನಡೆಯುತ್ತಿರುವಾಗ ಹೊಸದಾಗಿ ಮನೆ ರಿಪೇರಿಗೆ, ಬೋರ್‌ವೆಲ್‌ಗೆ ದೊಡ್ಡ ಮೊತ್ತ ಕೊಡುವುದನ್ನು ನಿಮ್ಮ ಸಂಸ್ಥೆಯನ್ನು ಕೇಳದೆ ಮಾಡಬೇಡಿ. ನಿಮ್ಮ ಮನಸ್ಸಿನಲ್ಲಿ ಅದು ಸಹಾಯ, ಕಡತ ಓದುವವರಿಗೆ ಬೆಲೆಯಂತೆ ಕಾಣಬಹುದು. ನೆಗೆಣ್ಣಿಯ ಚಿಕಿತ್ಸೆಗೆ ನಾವು ಕೊಡುತ್ತಿದ್ದುದು ಅವಳು ಕಾಯಿಲೆ ಬಿದ್ದ ದಿನದಿಂದಲೂ ಇದ್ದದ್ದರಿಂದ ತೊಂದರೆಯಾಗಲಿಲ್ಲ.

ಹೊಲದ ವಿಷಯವೂ ಬರುತ್ತದೆ. ದತ್ತು ಹೋದ ಮಗುವಿಗೆ ಹುಟ್ಟಿದ ಮನೆಯ ಆಸ್ತಿಯಲ್ಲಿ ಏನೂ ಉಳಿಯುವುದಿಲ್ಲ ಎಂದು ಹಲವರು ತಿಳಿದಿದ್ದಾರೆ. ದತ್ತು ಆದೇಶಕ್ಕೆ ಮೊದಲೇ ಮಗುವಿಗೆ ಸೇರಿಹೋಗಿದ್ದ ಆಸ್ತಿ ಮಗುವಿನದಾಗಿಯೇ ಮುಂದುವರಿಯುತ್ತದೆಂದು ಬಾಲನ್ಯಾಯ ಕಾಯ್ದೆಯ 63ನೆಯ ಕಲಂ ಹೇಳುತ್ತದೆ. ತೀರಿಕೊಂಡ ತಂದೆಯಿಂದ ಬಂದ ಪಾಲು ಇದ್ದರೆ ಉತಾರ ತೆಗೆಸಿ ನೋಡಿಟ್ಟುಕೊಳ್ಳಿ, ಒಡಹುಟ್ಟಿದವರಲ್ಲಿ ಮುಂದೆ ಕಹಿ ಹುಟ್ಟದಂತೆ ಎಲ್ಲರ ಎದುರೂ ಮಾತಾಡಿ. ಮಗುವಿನ ಹೆಸರಿನಲ್ಲಿ ಹಕ್ಕು ಬಿಟ್ಟುಕೊಡುವ ಯಾವ ಕಾಗದಕ್ಕೂ ಆತುರದಲ್ಲಿ ಸಹಿ ಹಾಕಬೇಡಿ.

ಎರಡನೆಯ ಪ್ರಯಾಣ

ಜಿಲ್ಲಾಧಿಕಾರಿಯವರ ಮುಂದಿನ ದಿನಾಂಕ ಖಚಿತವಾದ ಮೇಲೆ ಟಿಕೆಟ್ ತೆಗೆದುಕೊಳ್ಳಿ, ಹಿಂತಿರುಗುವ ದಿನಾಂಕ ಬದಲಿಸಬಹುದಾದ ಟಿಕೆಟನ್ನೇ ಆರಿಸಿ. ಆದೇಶದಿಂದ ವೀಸಾದವರೆಗಿನ ಕೆಲಸಗಳು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಿಡಿಯುತ್ತವೆ. ನನ್ನ ಪತಿ ವಿಚಾರಣೆ ಮುಗಿಸಿ ಕೆಲಸಕ್ಕೆ ಮರಳಿದರು, ನಾನು ಉಳಿದೆ. ಇಬ್ಬರಲ್ಲಿ ಯಾರು ಉಳಿಯುವುದೆಂದು ಮೊದಲೇ ತೀರ್ಮಾನಿಸಿ, ಉಳಿಯುವವರ ಹೆಸರಿಗೆ ಅಧಿಕಾರ ಪತ್ರ ಬರೆಸಿಡುವುದು ಅನುಕೂಲ.

ವಿಚಾರಣೆಯ ದಿನ ಮಗುವಿಗೂ ಪ್ರಶ್ನೆ ಕೇಳಬಹುದು. ಉತ್ತರ ಕಂಠಪಾಠ ಮಾಡಿಸಬೇಡಿ. ಎಲ್ಲಿಗೆ ಹೋಗುತ್ತಿದ್ದೇವೆ, ಅಲ್ಲಿ ಒಬ್ಬ ದೊಡ್ಡ ಅಧಿಕಾರಿ ಏನು ಕೇಳಬಹುದು, ನಿನಗೆ ಇಷ್ಟವಿಲ್ಲದಿದ್ದರೆ ಇಲ್ಲ ಎನ್ನಬಹುದು ಎಂಬಷ್ಟನ್ನು ಅವ್ವನೂ ನೀವೂ ಒಟ್ಟಿಗೆ ಕೂತು ಹೇಳಿದರೆ ಸಾಕು. ಆದೇಶದಲ್ಲಿ ಮಗುವಿನ ಹೆಸರು, ಹುಟ್ಟಿದ ದಿನಾಂಕ, ನಿಮ್ಮ ಹೆಸರುಗಳ ಕಾಗುಣಿತ ಸರಿಯಾಗಿದೆಯೇ ಎಂದು ಕಚೇರಿಯ ಮೆ‌ಟ್ಟಿಲು ಇಳಿಯುವ ಮೊದಲೇ ಓದಿ ನೋಡಿ.

ವೀಸಾಕ್ಕಾಗಿ ರಾಯಭಾರ ಕಚೇರಿ ಗೊತ್ತುಮಾಡಿದ ವೈದ್ಯರಲ್ಲಿ ತಪಾಸಣೆ ಮಾಡಿಸಬೇಕು. ಕ್ಷಯದ ಪರೀಕ್ಷೆಗೆ ಮಗುವಿನ ರಕ್ತ ತೆಗೆಯುವ ಸಾಧ್ಯತೆ ಇರುವುದರಿಂದ ಅದರ ಫಲಿತಾಂಶ ಬರುವಷ್ಟು ದಿನಗಳನ್ನು ಲೆಕ್ಕದಲ್ಲಿಟ್ಟುಕೊಳ್ಳಿ.

ಮನೆ ಬಿಡುವ ದಿನ

ಹಿರಿಯರು ಒಳ್ಳೆಯ ಮನಸ್ಸಿನಿಂದಲೇ ಒಂದು ಸಲಹೆ ಕೊಡುತ್ತಾರೆ: ಮಗು ಮಲಗಿರುವಾಗ ಎತ್ತಿಕೊಂಡು ಹೋಗಿಬಿಡಿ, ಅಳುವುದನ್ನು ನೋಡಲಾಗುವುದಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ. ಎಚ್ಚರಾದಾಗ ಅವ್ವ ಇಲ್ಲದ ಕಾರಿನಲ್ಲಿರುವ ಮಗು, ಆಮೇಲೆ ಎಷ್ಟೋ ದಿನ ನಿದ್ರೆಗೇ ಹೆದರುತ್ತದೆ. ಹಗಲಿನಲ್ಲಿ ಹೊರಡಿ, ಮಗುವಿಗೆ ದಿನವನ್ನು ಮುಂಚೆಯೇ ಹೇಳಿ, ಹೆತ್ತವಳೇ ಕಾರಿನವರೆಗೆ ಬಂದು ಕೂರಿಸಲಿ. ಎಲ್ಲರೂ ಅಳುತ್ತಾರೆ, ಅಳಲಿ. ನಿಮ್ಮ ಜೊತೆ ಹೋಗಲು ಅವ್ವನೇ ಒಪ್ಪಿ ಕಳುಹಿಸಿದಳೆಂಬುದನ್ನು ಮಗು ತನ್ನ ಕಣ್ಣಾರೆ ನೋಡಿರುವುದು ಮುಖ್ಯ.

ನಮ್ಮ ಪೆಟ್ಟಿಗೆ ತುಂಬುವಾಗ ನೆಗೆಣ್ಣಿ ಒಳಗಿನಿಂದ ಒಂದು ಚಿಕ್ಕ ಕೌದಿ ತಂದಳು. ತನ್ನ ಎರಡು ಹಳೆಯ ಸೀರೆಗಳನ್ನೂ ಮಗಳ ಅಂಗನವಾಡಿಯ ಕಾಲದ ಲಂಗವನ್ನೂ ಹರಿದು ಹೊಲಿದದ್ದು. ಹೊಲಿಗೆ ಕೆಲವು ಕಡೆ ನೇರವಾಗಿರಲಿಲ್ಲ, ಡಯಾಲಿಸಿಸ್ ಆದ ದಿನಗಳಲ್ಲಿ ಕೈ ನಡುಗುತ್ತಿತ್ತಂತೆ. “ಇದನ್ನ ಒಗೀಬ್ಯಾಡ್ರಿ ಅಕ್ಕಾ, ಹಂಗ ಇರ್ಲಿ. ರಾತ್ರಿ ಅತ್ರ ಹೊಚ್ಚ್ರಿ,” ಎಂದಳು. ಅಡುಗೆಮನೆಯ ಹೊಗೆ, ಕೊಬ್ಬರಿ ಎಣ್ಣೆ, ಅವಳ ಮೈಯ ವಾಸನೆ ಅದರಲ್ಲಿತ್ತು. ಐದು ತಿಂಗಳು ನಾನು ಅದನ್ನು ಒಗೆಯಲಿಲ್ಲ. ಹೆತ್ತ ಮನೆಯಿಂದ ಇಂಥದೊಂದು ಬಟ್ಟೆಯನ್ನು ತಪ್ಪದೆ ಕೇಳಿ ತನ್ನಿ, ಅದನ್ನು ಕೈಚೀಲದಲ್ಲಿಡಿ, ವಿಮಾನದ ಹೊಟ್ಟೆಗೆ ಹಾಕಬೇಡಿ.

ಬಂದ ಮೇಲೆ

ದತ್ತು ಭಾರತದಲ್ಲೇ ಪೂರ್ಣಗೊಂಡು ಐಎಚ್-3 ವೀಸಾದಲ್ಲಿ ಬಂದ 18ರೊಳಗಿನ ಮಗು, ಅಮೆರಿಕದಲ್ಲಿ ನಿಮ್ಮೊಡನೆ ವಾಸಿಸಲು ಇಳಿದ ದಿನವೇ 2000ದ ಮಕ್ಕಳ ಪೌರತ್ವ ಕಾಯ್ದೆಯ ಪ್ರಕಾರ ಅಲ್ಲಿನ ಪೌರತ್ವ ಪಡೆಯುತ್ತದೆ. ಪೌರತ್ವದ ಪ್ರಮಾಣಪತ್ರ ಅಂಚೆಯಲ್ಲಿ ಬರುತ್ತದೆ, ಬರದಿದ್ದರೆ ವಿಚಾರಿಸಿ. ಎರಡು ವರ್ಷಗಳ ಕಾಲ, ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ಮತ್ತು ಎರಡನೆಯ ವರ್ಷ ಆರು ತಿಂಗಳಿಗೊಮ್ಮೆ, ನಿಮ್ಮ ಸಂಸ್ಥೆ ಮಗುವಿನ ಬೆಳವಣಿಗೆಯ ವರದಿಯನ್ನು ಕಾರಾಕ್ಕೆ ಕಳುಹಿಸುತ್ತದೆ. ಆ ಭೇಟಿಗಳನ್ನು ತಪಾಸಣೆಯೆಂದು ಭಾವಿಸದೆ, ಮಗು ಊಟ ಮಾಡುತ್ತಿಲ್ಲ, ರಾತ್ರಿ ಎದ್ದು ಕೂರುತ್ತದೆ ಎಂಬ ಕಷ್ಟಗಳನ್ನು ಹೇಳಿಕೊಂಡು ನೆರವು ಪಡೆಯಿರಿ.

ಹೆತ್ತ ಮನೆಯ ಜೊತೆ ಸಂಪರ್ಕ ಇಟ್ಟುಕೊಳ್ಳುವುದು ನಿಮ್ಮ ಔದಾರ್ಯಕ್ಕೆ ಬಿಟ್ಟ ಮಾತಲ್ಲ. ವಿದೇಶದಲ್ಲಿರುವ ಸಂಬಂಧಿ ಮಗುವನ್ನು ದತ್ತು ಪಡೆದಾಗ, ಮಗುವು ತನ್ನ ಒಡಹುಟ್ಟಿದವರನ್ನೂ ಹೆತ್ತವರನ್ನೂ ಆಗಾಗ ಸಂಪರ್ಕಿಸಲು ದತ್ತು ಪೋಷಕರು ಅನುಕೂಲ ಮಾಡಿಕೊಡಬೇಕೆಂದು ಬಾಲನ್ಯಾಯ ಕಾಯ್ದೆಯ 60ನೆಯ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಈ ಕಾನೂನಿನಲ್ಲಿ ನನಗೆ ಅತ್ಯಂತ ಗೌರವವಿರುವ ಸಾಲು ಅದು. ಕರೆಗೆ ದಿನ ಮತ್ತು ಹೊತ್ತು ನಿಗದಿ ಮಾಡಿ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಶನಿವಾರ ರಾತ್ರಿ ಒಂಬತ್ತೂವರೆಯಾದಾಗ ಊರಿನಲ್ಲಿ ಭಾನುವಾರದ ಬೆಳಗು, ಹಾಸ್ಟೆಲಿನಿಂದ ಮಕ್ಕಳು ಮನೆಗೆ ಬಂದಿರುವ ಹೊತ್ತು. ಮೊದಲ ಕೆಲವು ವಾರ ಕರೆಯ ನಂತರ ಮಗು ಅಳುತ್ತದೆ, ಅದಕ್ಕಾಗಿ ಕರೆ ನಿಲ್ಲಿಸಬೇಡಿ. ಕನ್ನಡ ಮರೆಯದಂತೆ ನೋಡಿಕೊಳ್ಳಿ, ಮರೆತರೆ ಅವ್ವನ ಜೊತೆ ಮಾತಾಡಲು ಮಗುವಿಗೆ ನೀವು ದುಭಾಷಿಯಾಗಬೇಕಾಗುತ್ತದೆ.

ಊರಿಗೆ ಮೊದಲ ಬಾರಿ ಮರಳುವ ಮುನ್ನ ಒಂದು ಕೆಲಸ ಬಾಕಿ ಇರುತ್ತದೆ. ಅಮೆರಿಕದ ಪೌರತ್ವ ಬಂದ ಮೇಲೆ ಭಾರತದ ಪಾಸ್‌ಪೋರ್ಟಿನಲ್ಲಿ ಪ್ರಯಾಣ ಮಾಡುವಂತಿಲ್ಲ. ಅದನ್ನು ಒಪ್ಪಿಸಿ, ಅಮೆರಿಕದ ಪಾಸ್‌ಪೋರ್ಟ್ ಮಾಡಿಸಿ, ವಿದೇಶಿ ಪೌರರಾದ ಭಾರತೀಯ ಮೂಲದವರಿಗೆ ಭಾರತ ಕೊಡುವ ಒಸಿಐ ಕಾರ್ಡಿಗೆ ಅರ್ಜಿ ಹಾಕಬೇಕು. ಬೇಸಿಗೆ ರಜೆಗೆ ಹೋಗಬೇಕೆಂದಿದ್ದರೆ ಚಳಿಗಾಲದಲ್ಲೇ ಇದನ್ನು ಆರಂಭಿಸಿ. ಹೋದಾಗ ಮಗುವನ್ನು ಅತಿಥಿಯಂತೆ ಪಡಸಾಲೆಯ ಮಂಚದ ಮೇಲೆ ಮಲಗಿಸಬೇಡಿರೆಂದು ಮನೆಯವರಿಗೆ ಮೊದಲೇ ಹೇಳಿಡಿ. ಅಕ್ಕ ಅಣ್ಣಂದಿರ ಸಾಲಿನಲ್ಲಿ, ಅವಳು ಮೊದಲು ಮಲಗುತ್ತಿದ್ದ ಜಾಗದಲ್ಲೇ ಹಾಸಿಗೆ ಹಾಸಲಿ.